ಹಾಡುವವರೇ ಇಲ್ಲದ ಬ್ಯಾಂಡಿಗೆ ನಮ್ಮೂರಲ್ಲಿ ಜನ ಕೂರುತ್ತಾರಾ?

ಪೆರ್ಲದ ಗಿಟಾರು

ಎಲ್ಲರಿಗೂ ನಮಸ್ಕಾರ. ಇಲ್ಲಿ ಯಕ್ಷಗಾನದ ಪದ, ಹಳೆ ಸಿನಿಮಾ ಹಾಡು, ದಾಸರ ಪದ ಎಲ್ಲದರ ಬಗ್ಗೆಯೂ ಬೇಕಾದಷ್ಟು ಚರ್ಚೆ ಉಂಟು. ಹಾಡುವವರೇ ಇಲ್ಲದ ರಾಕ್ ಬ್ಯಾಂಡಿನ ಬಗ್ಗೆ ಒಂದೂ ಕಾಣಲಿಲ್ಲ. ನನಗೆ ತುಂಬ ಇಷ್ಟದ ಒಂದು ಬ್ಯಾಂಡಿನಿಂದ ಸುರು ಮಾಡ್ತೇನೆ, ಕೊನೆಗೆ ನಿಮ್ಮಿಂದ ಸಲಹೆಯೂ ಬೇಕು.

ಬ್ಯಾಂಡಿನ ಹೆಸರು ಶ್ಯಾಡೋವಿ ಮೆನ್ ಆನ್ ಎ ಶ್ಯಾಡೋವಿ ಪ್ಲಾನೆಟ್. ಕೆನಡಾದ ಟೊರೊಂಟೊದವರು, 1984ರಲ್ಲಿ ಸೇರಿದ್ದು. ಮೂರೇ ಜನ: ಗಿಟಾರಿಗೆ ಬ್ರಯಾನ್ ಕಾನೆಲಿ, ಬೇಸಿಗೆ ರೀಡ್ ಡೈಮಂಡ್, ಡ್ರಮ್ಸಿಗೆ ಡಾನ್ ಪೈಲ್. ದೊಡ್ಡ ಕಂಪನಿ ಕರೆಯಲಿ ಅಂತ ಕಾಯಲಿಲ್ಲ, ಜೆಟ್‌ಪ್ಯಾಕ್ ಅಂತ ತಮ್ಮದೇ ಲೇಬಲ್ ಮಾಡಿ ಸಣ್ಣ ರೆಕಾರ್ಡುಗಳನ್ನು ಹೊರಡಿಸಿದರು. 'ದ ಕಿಡ್ಸ್ ಇನ್ ದ ಹಾಲ್' ಎಂಬ ಕೆನಡಾದ ಹಾಸ್ಯ ಕಾರ್ಯಕ್ರಮ ನೋಡಿದವರಿಗೆ ಇವರ ಗಿಟಾರು ಗೊತ್ತಿರುತ್ತದೆ, ಹೆಸರು ಗೊತ್ತಿರಲಿಕ್ಕಿಲ್ಲ. ಅದರ ಶೀರ್ಷಿಕೆ ಸಂಗೀತ ಇವರದ್ದೇ. 1991ರಲ್ಲಿ 'ಡಿಮ್ ದ ಲೈಟ್ಸ್, ಚಿಲ್ ದ ಹ್ಯಾಮ್' ಆಲ್ಬಮ್ ಬಂತು, ಮರುವರ್ಷ ಬ್ಯಾಂಡಿಗೆ ಕೆನಡಾದ ಸಂಗೀತ ಪ್ರಶಸ್ತಿಯಾದ ಜೂನೋ ಬಂತು. 1993ರ 'ಸ್ಪೋರ್ಟ್ ಫಿಶಿಂಗ್' ಆಲ್ಬಮ್ಮನ್ನು ಧ್ವನಿಮುದ್ರಿಸಿದ್ದು ಸ್ಟೀವ್ ಆಲ್ಬಿನಿ.

ಒಂದೊಂದು ತುಣುಕು ಎರಡು ಮೂರು ನಿಮಿಷ, ಅಷ್ಟೇ. ಆದರೆ ಆ ಹೊತ್ತಿನಲ್ಲಿ ಎಷ್ಟೊಂದು ಆಗುತ್ತದೆ! ಗಿಟಾರು ಒಂದು ಧಾಟಿ ಹಿಡಿದು ಒಂದು ಸುತ್ತು ಬರುತ್ತದೆ. ಎರಡನೇ ಸುತ್ತಿನಲ್ಲಿ ಎಲ್ಲಿ ತಿರುಗುತ್ತದೆ ಅಂತ ನಾವು ಕಾದಿರುತ್ತೇವೋ ಅಲ್ಲಿ ತಿರುಗುವುದಿಲ್ಲ. ಮೂವರೂ ಒಟ್ಟಿಗೆ ನಿಲ್ಲುತ್ತಾರೆ, ಒಂದು ಕ್ಷಣ ಏನೂ ಇಲ್ಲ, ಮತ್ತೆ ಬೇರೆಯೇ ನಡೆಯಲ್ಲಿ ಎತ್ತಿಕೊಳ್ಳುತ್ತಾರೆ. ಮಾತಿಲ್ಲದೆ ನಗಿಸುವುದು ಸಂಗೀತದಲ್ಲಿ ಬಹಳ ಕಷ್ಟ. ಇವರಿಗೆ ಅದು ಬರುತ್ತದೆ, ಮತ್ತೆ ಆ ನಗುವಿನಡಿಯಲ್ಲಿ ಎಲ್ಲೋ ಸ್ವಲ್ಪ ಬೇಸರದ ಎಳೆಯೂ ಇರುತ್ತದೆ.

ಈಗ ವಿಷಯ. ನಾವೂ ಮೂವರು ಇದ್ದೇವೆ. ಊರಿನ ಒಂದು ವಾಚನಾಲಯದ ವಾರ್ಷಿಕೋತ್ಸವದಲ್ಲಿ ಅರ್ಧ ಗಂಟೆ ಕೊಟ್ಟಿದ್ದಾರೆ. ಸಮಿತಿಯವರ ಮೊದಲ ಪ್ರಶ್ನೆ, "ಹಾಡುವುದು ಯಾರು?" ಹಾಡುವವರು ಇಲ್ಲ, ಬೇಡವೂ ಬೇಡ ಅಂತ ಹೇಳಿದ್ದೇವೆ. ಜನ ಕೂರುತ್ತಾರಾ?

ಕಡಲಕರೆ ಉಪ್ಪಳ

ಅಣ್ಣಾ, ಎರಡು ಆಲ್ಬಮ್ ಇಡೀ ಕೇಳಿದೆ. ಒಳ್ಳೆದುಂಟು! ಆದರೆ ಇದು ಸರ್ಫ್ ಮ್ಯೂಸಿಕ್ ಅಲ್ವಾ, ಕಡಲ ಅಲೆ ಮೇಲೆ ಹಲಗೆಯಲ್ಲಿ ಜಾರುವವರ ಗಿಟಾರು ಸಂಗೀತ? ನಾನು ಮುಲ್ಕಿಯಲ್ಲಿ ಸರ್ಫಿಂಗ್ ಕಲಿಯುವಾಗ ಅಲ್ಲಿ ಹಾಕುತ್ತಿದ್ದದ್ದು ಇಂಥದ್ದೇ ಗಿಟಾರು. ಹಾಗಾದರೆ ನಮ್ಮಷ್ಟು ಹಕ್ಕು ಇದರ ಮೇಲೆ ಯಾರಿಗುಂಟು? ಕಣ್ವತೀರ್ಥದಿಂದ ಬೇಕಲದವರೆಗೆ ಬರೀ ಕಡಲೇ. ಸರ್ಫ್ ಬೋರ್ಡಿಗೆ ಕರಾವಳಿಯಲ್ಲಿ ಜಾಗ ಸಿಕ್ಕಿತು, ಗಿಟಾರಿಗೆ ಯಾಕೆ ಸಿಕ್ಕಲಿಲ್ಲ?

ಪೆರ್ಲದ ಗಿಟಾರು

@ಕಡಲಕರೆ, ಇದು ನನಗೆ ತುಂಬ ಇಷ್ಟದ ವಿಷಯ, ಸ್ವಲ್ಪ ಉದ್ದ ಬರೆಯುತ್ತೇನೆ ತಂಗಿ.

ಸರ್ಫ್ ಬ್ಯಾಂಡ್ ಅಂತ ಕರೆಸಿಕೊಳ್ಳುವುದು ಶ್ಯಾಡೋವಿ ಮೆನ್ ಅವರಿಗೆ ಇಷ್ಟವೇ ಇರಲಿಲ್ಲ. ನಾವು ಸರ್ಫ್ ಬ್ಯಾಂಡ್ ಅಲ್ಲ ಅಂತ ಬೈಗುಳ ಸೇರಿಸಿಯೇ ಒಂದು ತುಣುಕಿಗೆ ಹೆಸರಿಟ್ಟಿದ್ದಾರೆ. ಟೊರೊಂಟೊ ಇರುವುದು ಒಂಟಾರಿಯೊ ಸರೋವರದ ದಡದಲ್ಲಿ, ಸಮುದ್ರ ಎಲ್ಲಿಯೋ ದೂರ. ಅವರ ಗಿಟಾರಿನಲ್ಲಿ ಸರ್ಫ್ ಉಂಟು, ಹೌದು. ಅದರ ಜೊತೆಗೆ ಪತ್ತೇದಾರಿ ಸಿನಿಮಾದ ಹಿನ್ನೆಲೆ, ಹಳ್ಳಿ ಕಡೆಯ ಕಂಟ್ರಿ, ಪಂಕ್ ಎಲ್ಲ ಸೇರಿದೆ.

ಸರ್ಫ್ ಗಿಟಾರು ಹುಟ್ಟಿದ್ದು 1960ರ ಆಸುಪಾಸು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ಡಿಕ್ ಡೇಲ್ ನಿಜವಾಗಿಯೂ ಸರ್ಫ್ ಮಾಡುತ್ತಿದ್ದವನು. ಎಡಗೈಯವನು, ಬಲಗೈಯವರಿಗೆ ತಂತಿ ಕಟ್ಟಿದ ಗಿಟಾರನ್ನು ಹಾಗೆಯೇ ತಿರುಗಿಸಿ ಹಿಡಿದು ನುಡಿಸಿದವನು. ಅವನ ತಂದೆಯ ಕಡೆಯವರು ಲೆಬನಾನಿನವರು. 1962ರಲ್ಲಿ ಅವನು ಬಿರುಸಿನಲ್ಲಿ ನುಡಿಸಿ ಹೆಸರು ಮಾಡಿದ 'ಮಿಸಿರ್ಲೂ' ಪೂರ್ವ ಮೆಡಿಟರೇನಿಯನ್ನಿನ ಹಳೆಯ ಧಾಟಿ, ಗ್ರೀಕರು 1920ರ ದಶಕದಲ್ಲೇ ರೆಕಾರ್ಡು ಮಾಡಿದ್ದು. ಅಂದರೆ ಕ್ಯಾಲಿಫೋರ್ನಿಯಾದ ಕಡಲಿನ ಸದ್ದು ಅಂತ ಜಗತ್ತು ಒಪ್ಪಿಕೊಂಡದ್ದರ ಬೇರು ಇನ್ನೊಂದು ಕಡಲಿನ ದಡದಲ್ಲಿ ಉಂಟು.

ಹಾಗೆಯೇ ಇಂಥದ್ದೇ ಗಿಟಾರು ಬ್ಯಾಂಡುಗಳಲ್ಲಿ ದ ವೆಂಚರ್ಸ್ ವಾಷಿಂಗ್ಟನ್ ರಾಜ್ಯದ ಟಕೋಮಾದವರು, ದ ಶ್ಯಾಡೋಸ್ ಇಂಗ್ಲೆಂಡಿನವರು. ವೆಂಚರ್ಸ್ ಜಪಾನಿಗೆ ಹೋದ ಮೇಲೆ ಅಲ್ಲಿ 1965ರ ಹೊತ್ತಿಗೆ ಹುಡುಗರೆಲ್ಲ ಎಲೆಕ್ಟ್ರಿಕ್ ಗಿಟಾರು ಹಿಡಿದರು. ಫಿನ್ಲೆಂಡಿನಲ್ಲಿ ಇಂಥ ಸಂಗೀತಕ್ಕೆ ಅವರದ್ದೇ ಹೆಸರುಂಟು, ಅಲ್ಲಿಂದ ಲೈಕಾ ಅಂಡ್ ದ ಕಾಸ್ಮೊನಾಟ್ಸ್ ಎಂಬ ಅದ್ಭುತ ಬ್ಯಾಂಡ್ ಬಂತು. ಕಡಲು ಹತ್ತಿರ ಇರಬೇಕು ಅಂತ ಕಟ್ಟಳೆ ಎಲ್ಲಿಯೂ ಇಲ್ಲ. ನಮಗೆ ಇರುವುದು ಒಳ್ಳೆಯದೇ, ಆದರೆ ಅದರಿಂದಲೇ ಗಿಟಾರು ಬರುವುದಿಲ್ಲ.

ಸೋಲ್ಡರ್ ಭಾವ

ಕಡಲಿನ ಸದ್ದು ಅಂತ ನೀವೆಲ್ಲ ಹೇಳುವುದು ನಿಜವಾಗಿ ಒಂದು ತಗಡಿನ ಪೆಟ್ಟಿಗೆಯ ಸದ್ದು. ಕಾಸರಗೋಡಿನಲ್ಲಿ ಆಂಪ್ಲಿಫೈಯರ್ ರಿಪೇರಿ ಮಾಡುವವ ನಾನು, ಇದರ ಬಗ್ಗೆ ಹೇಳಲಿಕ್ಕೆ ಬಿಡಿ.

ರಿವರ್ಬ್, ಅಂದರೆ ಸದ್ದಿಗೆ ಅನುರಣನ ಸೇರಿಸುವ ವ್ಯವಸ್ಥೆ, ಇರುವ ಹಳೆ ಆಂಪಿನ ಹಿಂದಿನ ಹಲಗೆ ಬಿಚ್ಚಿದರೆ ತಳದಲ್ಲಿ ಒಂದು ಚೀಲದೊಳಗೆ ಉದ್ದದ ಟ್ಯಾಂಕು ಇರುತ್ತದೆ. ದೊಡ್ಡದು ಸುಮಾರು 17 ಇಂಚು. ಒಳಗೆ ಎರಡೋ ಮೂರೋ ಸಪೂರ ಸ್ಪ್ರಿಂಗು. ಒಂದು ತುದಿಯಲ್ಲಿ ಸಣ್ಣ ಕಾಯಿಲ್, ಅದರ ಎದುರು ಅಕ್ಕಿಕಾಳಿನಷ್ಟು ಮ್ಯಾಗ್ನೆಟ್. ಗಿಟಾರಿನ ಸಿಗ್ನಲ್ ಬಂದಾಗ ಮ್ಯಾಗ್ನೆಟ್ ತಿರುಚುತ್ತದೆ, ಆ ತಿರುಚು ಸ್ಪ್ರಿಂಗಿನ ಸುತ್ತುಗಳಲ್ಲಿ ಓಡಿ ಇನ್ನೊಂದು ತುದಿಯ ಕಾಯಿಲಿನಲ್ಲಿ ಮತ್ತೆ ಕರೆಂಟಾಗುತ್ತದೆ. ಅಲ್ಲಿಗೆ ಮುಗಿಯುವುದಿಲ್ಲ, ತುದಿಗೆ ಬಡಿದು ಹಿಂದೆ ಬರುತ್ತದೆ, ಮತ್ತೆ ಹೋಗುತ್ತದೆ, ಹೀಗೆ ಕರಗುತ್ತಾ ಬರುತ್ತದೆ. ಎಲ್ಲ ಸ್ವರಗಳೂ ಸ್ಪ್ರಿಂಗಿನಲ್ಲಿ ಒಂದೇ ವೇಗದಲ್ಲಿ ಓಡುವುದಿಲ್ಲ. ಹಾಗಾಗಿ ಅಂಗೈಯಂಚಿನಿಂದ ತಂತಿ ಅದುಮಿ ಹಿಡಿದು ಚುಟುಕಾಗಿ ಮೀಟಿದರೆ ಆ ಮೀಟು ಒಡೆದು ಹರಡಿ "ಟ್ಲುಕ್" ಅಂತ ಒದ್ದೆ ಸದ್ದು ಬರುತ್ತದೆ. ಸರ್ಫ್‌ನವರು ಇದನ್ನೇ ಡ್ರಿಪ್ ಅನ್ನುವುದು.

ಸ್ಪ್ರಿಂಗ್ ರಿವರ್ಬ್ ಮೊದಲು ಹೆಸರು ಮಾಡಿದ್ದು ಹ್ಯಾಮಂಡ್ ಆರ್ಗನ್ನಿನಲ್ಲಿ. ಗಿಟಾರು ಕಂಪನಿ ಫೆಂಡರ್‌ನವರು 1961ರಲ್ಲಿ ಅದನ್ನು ಗಿಟಾರಿಗೆ ಬೇರೆ ಪೆಟ್ಟಿಗೆಯಾಗಿ ಮಾಡಿದರು. ಮೂರು ಗುಂಡಿ: ಡ್ವೆಲ್, ಮಿಕ್ಸರ್, ಟೋನ್. ಡ್ವೆಲ್ ಅಂದರೆ ಸ್ಪ್ರಿಂಗಿಗೆ ಎಷ್ಟು ಜೋರಾಗಿ ಹೊಡೆಯಬೇಕು ಅಂತ. ಆ ಪೆಟ್ಟಿಗೆ ಗಿಟಾರಿಗೂ ಆಂಪಿಗೂ ನಡುವೆ ಕೂರುತ್ತದೆ, ಹಾಗಾಗಿ ಅದರ ಒದ್ದೆತನವನ್ನೂ ಆಂಪು ಹಿಗ್ಗಿಸುತ್ತದೆ. ಈಗ ಡಿಜಿಟಲ್ ಪೆಡಲು ಸಿಗುತ್ತದೆ, ಕೆಲವು ಚೆನ್ನಾಗಿಯೇ ಇವೆ. ಆದರೆ ಆಂಪಿನ ತಲೆಗೆ ಒಂದು ಬಡಿದರೆ ಗುಡುಗು ಬರುವುದು ನಿಜವಾದ ಸ್ಪ್ರಿಂಗಿನಲ್ಲಿ ಮಾತ್ರ!

ಪೆರ್ಲದವರೇ, ನಿಮ್ಮದರಲ್ಲಿ ಟ್ಯಾಂಕು ಉಂಟಾದರೆ ಕಾರ್ಯಕ್ರಮಕ್ಕೆ ಮೊದಲು ಅದರ ಎರಡೂ ವಯರಿನ ಪಿನ್ನು ತೆಗೆದು ಒರೆಸಿ ಹಾಕಿ. ನಮ್ಮ ಕಡಲ ಗಾಳಿಗೆ, ಮಳೆಗಾಲದ ತೇವಕ್ಕೆ ಅಲ್ಲಿ ಕಿಲುಬು ಹಿಡಿಯುತ್ತದೆ. ರಿವರ್ಬ್ ಸತ್ತಿದೆ ಅಂತ ನನ್ನಲ್ಲಿಗೆ ಬರುವ ಆಂಪುಗಳಲ್ಲಿ ಹೆಚ್ಚಿನವಕ್ಕೆ ಅಷ್ಟೇ ಕಾಯಿಲೆ.

ನೀರ್ಚಾಲು ಮಾಷ್ಟ್ರು

ಮಕ್ಕಳೇ, ಹಾಡಿಲ್ಲದ ಗಿಟಾರು ನಮ್ಮ ಮನೆಗಳಿಗೆ ಹೊಸತಲ್ಲ. ಆಕಾಶವಾಣಿಯಲ್ಲಿ ಒಂದು ಕಾರ್ಯಕ್ರಮ ಬೇಗ ಮುಗಿದು ಇನ್ನೊಂದಕ್ಕೆ ಎರಡು ನಿಮಿಷ ಉಳಿದಿದ್ದರೆ ವಾದ್ಯಸಂಗೀತ ಹಾಕುತ್ತಿದ್ದರು. ಅದರಲ್ಲಿ ಎಷ್ಟೋ ಸಲ ಗಿಟಾರು ಇರುತ್ತಿತ್ತು. ವ್ಯಾನ್ ಶಿಪ್ಲಿ, ಹಜಾರಾ ಸಿಂಗ್, ಸುನಿಲ್ ಗಂಗೂಲಿ ಇವರೆಲ್ಲ ಹಿಂದಿ ಸಿನಿಮಾ ಹಾಡುಗಳನ್ನು ಗಿಟಾರಿನಲ್ಲಿ ನುಡಿಸಿ ರೆಕಾರ್ಡು ಮಾಡಿದವರು. ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುವ ಆ ಹವಾಯನ್ ಗಿಟಾರಿನ ನಾದ ಅಂದರೆ ನನಗೆ ಈಗಲೂ ಪ್ರಾಣ.

ಮತ್ತೆ ನಮ್ಮ ಕದ್ರಿ ಗೋಪಾಲನಾಥರು! ಸ್ಯಾಕ್ಸೊಫೋನು ಬ್ಯಾಂಡಿನವರ ವಾದ್ಯ, ಅದರಲ್ಲಿ ಕರ್ನಾಟಕ ಸಂಗೀತ ಹೇಗೆ ಬಂದೀತು ಅಂತ ಕೇಳಿದವರ ಎದುರೇ ಅದರಲ್ಲಿ ಕಛೇರಿ ಮಾಡಿ ತೋರಿಸಿದರು. 2019ರಲ್ಲಿ ಅವರು ತೀರಿಕೊಳ್ಳುವಷ್ಟರಲ್ಲಿ ನಮ್ಮ ಕಡೆ ಮದುವೆ ಮಂಟಪದಲ್ಲಿ ಸ್ಯಾಕ್ಸೊಫೋನು ಇಲ್ಲದಿದ್ದರೆ ಏನೋ ಕಡಿಮೆ ಅನಿಸುವ ಹಾಗಾಗಿತ್ತು. ಧೈರ್ಯವಾಗಿ ನುಡಿಸಿ, ಜನ ಕೂರುತ್ತಾರೆ.

ಸರಳೆ ವರಸೆ

ಮಾಷ್ಟ್ರೇ, ನಿಮ್ಮ ಮಾತಿಗೆ ಗೌರವ ಇಟ್ಟುಕೊಂಡೇ ಒಂದು ಭೇದ ಹೇಳಬೇಕು. ಗೋಪಾಲನಾಥರು ಕೃತಿ ನುಡಿಸುವಾಗ ಎದುರು ಕೂತವರ ಮನಸ್ಸಿನಲ್ಲಿ ಸಾಹಿತ್ಯ ಓಡುತ್ತಿರುತ್ತದೆ. ಸುನಿಲ್ ಗಂಗೂಲಿಯವರ ಗಿಟಾರು ಕೇಳುವವರು ಬಾಯಲ್ಲಿ ಆ ಸಿನಿಮಾ ಹಾಡು ಗುನುಗುತ್ತಾರೆ. ಹಾಡುವವರು ಕಾಣುವುದಿಲ್ಲ ಅಷ್ಟೇ, ಹಾಡು ಅಲ್ಲೇ ಇದೆ. ಪೆರ್ಲದವರು ಹೇಳುವ ಬ್ಯಾಂಡಿಗೆ ಆ ಆಸರೆ ಇಲ್ಲ. ಅವರ ಧಾಟಿಗೆ ಮಾತು ಯಾವತ್ತೂ ಇರಲಿಲ್ಲ. ಕೇಳುಗನ ನೆನಪು ಸಹಾಯಕ್ಕೆ ಬರುವುದಿಲ್ಲ. ಹಾಗಾಗಿ ಧಾಟಿ ತನ್ನಷ್ಟಕ್ಕೇ ಗಟ್ಟಿ ಇರಬೇಕು: ಎರಡು ಸಲ ಕೇಳಿದರೆ ಗುರುತು ಸಿಗಬೇಕು, ಮೂರನೇ ಸಲ ಬದಲಾಗಬೇಕು. ಶ್ಯಾಡೋವಿ ಮೆನ್ ಕೇಳಿದ ಮೇಲೆ ನನಗೆ ಹಿಡಿಸಿದ್ದು ಇದೇ. ಒಂದು ಸ್ವರವನ್ನೂ ಸುಮ್ಮನೆ ವ್ಯಯ ಮಾಡುವುದಿಲ್ಲ ಅವರು.

ಇನ್ನೊಂದು ಸಂಗತಿ. ಮಿಸಿರ್ಲೂ ಧಾಟಿಯ ಸ್ವರಗಳನ್ನು ಬಿಡಿಸಿ ನೋಡಿ. ಷಡ್ಜ, ಶುದ್ಧ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಶುದ್ಧ ಧೈವತ, ಕಾಕಲಿ ನಿಷಾದ. 15ನೇ ಮೇಳಕರ್ತ ಮಾಯಾಮಾಳವಗೌಳ! ಪುರಂದರದಾಸರು ಆರಂಭದ ಪಾಠಕ್ಕೆ ಹಾಕಿಕೊಟ್ಟ ರಾಗ ಅಂತ ನಾವೆಲ್ಲ ಕಲಿತದ್ದು. ಕುಂಬಳೆಯಲ್ಲಿ ನನ್ನ ಪಾಠಕ್ಕೆ ಬರುವ ಮಕ್ಕಳಿಗೆ ಡಿಕ್ ಡೇಲನ ರೆಕಾರ್ಡು ಕೇಳಿಸಿದೆ. ಸರಳೆ ವರಸೆಯನ್ನು ಮೂರನೇ ಕಾಲದಲ್ಲಿ ಹೇಳುವ ಹುಡುಗಿಯೊಬ್ಬಳು ಅರ್ಧದಲ್ಲೇ "ಟೀಚರ್, ಇದು ನಮ್ಮದೇ" ಅಂದಳು.

ಸ್ವರಸ್ಥಾನ ಒಂದೇ ಆದ ಮಾತ್ರಕ್ಕೆ ರಾಗ ಆಗುವುದಿಲ್ಲ, ಗಮಕ ಬೇಕು, ಸಂಚಾರ ಬೇಕು. ಅದು ನನಗೆ ಗೊತ್ತು. ಆದರೂ ಕಿವಿಗೆ ಪರಿಚಯದ ಬಾಗಿಲು ಅಲ್ಲಿಯೇ ಉಂಟು. ನಿಮ್ಮ ಅರ್ಧ ಗಂಟೆಯನ್ನು ಆ ಸ್ವರಗಳಿರುವ ತುಣುಕಿನಿಂದ ಸುರು ಮಾಡಿ.

ಜತ್ತದ ಬ್ಯಾಂಜೋ

ಸಾಂಗ್ಲಿ ಜಿಲ್ಲಾ ಜತ್ತದಿಂದ ಬರೀಲಿಕತ್ತೀನಿ. ನೀವು ಕರಾವಳಿ ಮಂದಿ ಕಡಲು ಕಡಲು ಅಂತೀರಿ, ನಮ್ಮಲ್ಲಿ ಕುಡಿಯೋ ನೀರಿಗೇ ಬರಗಾಲ. ಆದ್ರ ನೀವು ಹೇಳೋ ಆ ಒದ್ದಿ ಸದ್ದು ನಮಗ ಗೊತ್ತೈತ್ರಿ. ಗಣಪತಿ ಮೆರವಣಿಗಿ ಇರಲಿ, ಮದುವಿ ಇರಲಿ, ಬ್ಯಾಂಜೋ ಪಾರ್ಟಿ ಬೇಕ ಬೇಕು. ಈ ಬ್ಯಾಂಜೋ ಅಂದ್ರ ಅಮೆರಿಕಾದ್ದಲ್ಲ, ಬುಲ್‌ಬುಲ್ ತರಂಗ. ಟೈಪ್‌ರೈಟರ್ ಗತೆ ಗುಂಡಿ ಒತ್ತಿ ತಂತಿ ಮೀಟೂದು. 1912ರಾಗ ಜಪಾನಿನ ನಗೋಯಾದಾಗ ಹುಟ್ಟಿದ ತೈಶೋಗೊತೊ ಅನ್ನೂ ವಾದ್ಯ ನಮ್ಮ ದೇಶಕ್ಕ ಬಂದು ಹಿಂಗಾತು. ಅದಕ್ಕ ಪಿಕಪ್ ಹಚ್ಚಿ, ಎಕೋ ಕೊಟ್ಟು, ಗಾಡಿ ಮ್ಯಾಲ ಸ್ಪೀಕರ್ ಕಟ್ಟಿ ಬಿಟ್ರ ಓಣಿ ಓಣಿ ಕುಣೀತೈತಿ. ಹಾಡವ ಒಬ್ಬನೂ ಇರಂಗಿಲ್ಲ.

ಟೀಚರ್ ಅವರು ಹೇಳಿದ್ದು ಖರೆ ಐತಿ, ಅದು ಸಿನಿಮಾ ಹಾಡಿನ ಧಾಟಿನ. ಆದ್ರ ನಡುವ ಬ್ಯಾಂಜೋದವ ಹಾಡು ಬಿಟ್ಟು ತಂದ ಒಂದು ತುಣುಕು ಬಾರಿಸ್ತಾನ, ಧೋಲ್‌ದವ ಅದಕ್ಕ ಜವಾಬು ಕೊಡ್ತಾನ. ಮಂದಿ ಖರೇನ ಕುಣಿಯೂದು ಅವಾಗರೀ. ಶ್ಯಾಡೋವಿ ಮೆನ್ ಕೇಳಿದ್ರ ನನಗ ಆ ನಡುವಿನ ತುಣುಕ ನೆನಪಾತು. ನಮ್ಮ ಕಡೆ ಯಾರಾದ್ರೂ ಅಷ್ಟನ್ನ ತಗೊಂಡು ಒಂದು ಆಲ್ಬಮ್ ಮಾಡಬೇಕ್ರಿ.

ಬದಿಯಡ್ಕ ಮೈಕ್ ಸೆಟ್

ನಾನು ಈ ಕಡೆಯ ಕಾರ್ಯಕ್ರಮಗಳಿಗೆ ಸೌಂಡ್ ಹಾಕುವವನು. ವೇದಿಕೆಯ ಬದಿಯಿಂದ ಜನರನ್ನೇ ನೋಡುತ್ತಾ ಕೂರುವುದು ನನ್ನ ಕೆಲಸ. ಹಾಗಾಗಿ ನೇರ ಹೇಳ್ತೇನೆ: ಜನ ಕೂರುವುದಿಲ್ಲ. ಸುರುವಿಗೆ ಚಪ್ಪಾಳೆ ಹೊಡೆಯುತ್ತಾರೆ, ಎರಡನೆಯದಕ್ಕೆ ಪಕ್ಕದವರ ಹತ್ತಿರ ಮಾತು ಸುರು, ಮೂರನೆಯದಕ್ಕೆ ಚರುಮುರಿ ಅಂಗಡಿಗೆ. ಹಾಡು ಇದ್ದರೆ ಪಲ್ಲವಿ ಮತ್ತೆ ಬರುತ್ತದೆ ಅಂತ ಕಾಯುತ್ತಾರೆ. ಗಿಟಾರಿಗೆ ಯಾಕೆ ಕಾಯಬೇಕು? ಎರಡು ಸಿನಿಮಾ ಹಾಡು ನಡುವೆ ಸೇರಿಸಿ, ಒಬ್ಬರನ್ನು ಹಾಡಿಸಿ. ಅದರಲ್ಲಿ ಸಣ್ಣತನ ಏನೂ ಇಲ್ಲ.

ಮತ್ತೆ ರಿವರ್ಬ್. ತೆರೆದ ಮೈದಾನವಾದರೆ ಧಾರಾಳ ಹಾಕಿ. ತಗಡಿನ ಮಾಡಿನ ಸಭಾಂಗಣವಾದರೆ ಅಲ್ಲಿ ಮೊದಲೇ ಪ್ರತಿಧ್ವನಿ ಉಂಟು, ಎಲೆಯ ತುದಿಗೆ ಉಪ್ಪು ಬಡಿಸಿದಷ್ಟೇ ಸಾಕು. ಹೆಚ್ಚಾದರೆ ನಿಮ್ಮ ಆ ನಿಲ್ಲಿಸುವ ಜಾಗಗಳೆಲ್ಲ ತುಂಬಿ ಹೋಗಿ ತಮಾಷೆ ಯಾರಿಗೂ ಗೊತ್ತಾಗಲಿಕ್ಕಿಲ್ಲ.

ಹೊಸದುರ್ಗ ಚೆಂಡೆ

@ಮೈಕ್ ಸೆಟ್, ನಿಮ್ಮ ಅನುಭವ ದೊಡ್ಡದು. ಆದರೆ ಹಾಡಿಲ್ಲದಿದ್ದರೆ ಜನ ಕೂರುವುದಿಲ್ಲ ಎಂಬ ಮಾತನ್ನು ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಹೇಳಲಿಕ್ಕೆ ಆಗುವುದಿಲ್ಲ. ಕೇರಳದ ಚೆಂಡೆವಾದನ ತಾಯಂಬಕಕ್ಕೆ ಜನ ಒಂದು ಗಂಟೆಗಿಂತ ಹೆಚ್ಚು ಹೊತ್ತು ನಿಂತೇ ಇರುತ್ತಾರಲ್ಲ! ಅಲ್ಲಿ ಪದವೂ ಇಲ್ಲ, ಧಾಟಿಯೂ ಇಲ್ಲ. ಬರೀ ಚೆಂಡೆ, ಅದರ ಬಲಮುಖ ಬಾರಿಸುವ ವಲಂತಲೆ, ಕಂಚಿನ ತಾಳವಾದ ಇಲತ್ತಾಳ. ಪದಿಕಾಲದಲ್ಲಿ ನಿಧಾನಕ್ಕೆ ಸುರು ಮಾಡಿ, 'ಕೂರು', ಇಡವಟ್ಟ, ಇಡನಿಲೆ ಎಂಬ ಹಂತಗಳನ್ನು ದಾಟಿ ಕೊನೆಯ ಇರಿಕಿಡಕ್ಕೆ ಬರುವಷ್ಟರಲ್ಲಿ ಮಕ್ಕಳು ಮುದುಕರು ಎಲ್ಲರ ಕೈಯೂ ತಾಳ ಹಾಕುತ್ತಿರುತ್ತದೆ. ಯಕ್ಷಗಾನದವರೂ ಆಟಕ್ಕೆ ಮೊದಲು, ಆಟ ಉಂಟು ಅಂತ ಸಾರುವ 'ಕೇಳಿ' ಬಾರಿಸುತ್ತಾರೆ. ಅದನ್ನು ಕೇಳಿಯೇ ಅಲ್ಲವೇ ಊರಿನವರು ಗದ್ದೆ ದಾಟಿ ಬರುತ್ತಿದ್ದದ್ದು?

ತಾಯಂಬಕದಲ್ಲಿ ಜನ ಕಾಯುವುದು ಪಲ್ಲವಿಗಲ್ಲ. ಈಗ ಕಾಲ ಏರುತ್ತದೆ, ಈಗ ಏರುತ್ತದೆ ಅಂತ ಕಾಯುತ್ತಾರೆ. ಪೆರ್ಲದವರು ಅರ್ಧ ಗಂಟೆಯನ್ನು ಬಿಡಿ ಬಿಡಿ ತುಣುಕಾಗಿ ನುಡಿಸಿ ಪ್ರತಿ ಸಲ ಚಪ್ಪಾಳೆಗೆ ನಿಲ್ಲಿಸಿದರೆ ಮೈಕ್ ಸೆಟ್ ಅವರು ಹೇಳಿದ ಹಾಗೆಯೇ ಆದೀತು. ಒಂದರಿಂದ ಒಂದಕ್ಕೆ ಕೊಂಡಿ ಹಾಕಿ, ಕಾಲ ಏರಿಸುತ್ತಾ ಹೋಗಿ. ಎದ್ದು ಹೋಗಲಿಕ್ಕೆ ಜಾಗ ಕೊಡಬೇಡಿ.

ಬದಿಯಡ್ಕ ಮೈಕ್ ಸೆಟ್

ತಾಯಂಬಕಕ್ಕೆ ನಿಲ್ಲುವವರು ಅದನ್ನು ಸಣ್ಣದಿರುವಾಗಿಂದ ಕೇಳಿದವರು. ಎಲ್ಲಿ ಏರುತ್ತದೆ ಅಂತ ಅವರಿಗೆ ಗೊತ್ತುಂಟು, ಅದಕ್ಕೇ ಕಾಯುತ್ತಾರೆ. ಈ ಗಿಟಾರು ಯಾರಿಗೂ ಗೊತ್ತಿಲ್ಲ. ಆದರೆ ಕೊಂಡಿ ಹಾಕುವ ಮಾತು ಒಪ್ಪಿದೆ, ಅದು ಮಾಡಿದರೆ ಹದಿನೈದು ನಿಮಿಷ ಹಿಡಿದು ಇಡಬಹುದು. ಇನ್ನೊಂದು ಹದಿನೈದಕ್ಕೆ ಏನು?

ಕಡಲಕರೆ ಉಪ್ಪಳ

ಹೆಸರು! ಶ್ಯಾಡೋವಿ ಮೆನ್ ತುಣುಕುಗಳ ಹೆಸರು ಓದಿದರೇ ಅರ್ಧ ನಗು ಬರುತ್ತದೆ. ಹಾಡಿಲ್ಲದ ಬ್ಯಾಂಡಿಗೆ ಇರುವ ಮಾತು ಅಂದರೆ ಶೀರ್ಷಿಕೆ ಒಂದೇ, ಅದನ್ನು ಚೆನ್ನಾಗಿ ಖರ್ಚು ಮಾಡಬೇಕು. ನೀವು ನುಡಿಸುವ ಮೊದಲು ಒಂದು ವಾಕ್ಯ ಹೇಳಿ, "ಇದು ಅನಂತಪುರದ ಬಬಿಯಾನಿಗೆ" ಅಂತ. 2022ರ ಅಕ್ಟೋಬರಿನಲ್ಲಿ ದೇವಸ್ಥಾನದ ಕೆರೆಯ ಆ ಮೊಸಳೆ ತೀರಿಕೊಂಡಾಗ ಕೆರೆಯ ಹತ್ತಿರ ಎಷ್ಟು ಜನ ಸೇರಿದ್ದರು! ಅವನ ಹೆಸರು ಹೇಳಿ ಬೇಸ್ ಒಂದೇ ನಿಧಾನಕ್ಕೆ ಸುರುವಾದರೆ ಕೇಳುವವರ ಕಣ್ಣಿಗೆ ಕೆರೆ ತಾನೇ ಕಟ್ಟುತ್ತದೆ. ಯಾರು ಎದ್ದು ಹೋಗುತ್ತಾರೆ ನೋಡುವ.

ಹೆಸರು ಕನ್ನಡದಲ್ಲೇ ಇರಲಿ ಅಂತ ನನ್ನ ಆಸೆ. ನಮ್ಮ ಸಭೆಯಲ್ಲಿ ಮಲಯಾಳ, ತುಳು, ಕೊಂಕಣಿ, ಬ್ಯಾರಿ, ಮರಾಠಿ ಎಲ್ಲ ಮನೆಮಾತಿನವರೂ ಇರುತ್ತಾರೆ. ಹಾಡಿದರೆ ಯಾವ ಭಾಷೆಯಲ್ಲಿ ಅಂತ ಸಮಿತಿಯಲ್ಲಿ ಅರ್ಧ ದಿನ ಚರ್ಚೆ ಆಗುತ್ತದೆ. ಗಿಟಾರಿಗೆ ಆ ಚರ್ಚೆ ಇಲ್ಲ. ಆದರೆ ಹೆಸರಿಡುವಾಗ ನಮ್ಮ ಭಾಷೆಯನ್ನು ಬಿಡುವುದು ಬೇಡ.

ಸರಳೆ ವರಸೆ

ಬಬಿಯಾನ ತುಣುಕಿಗೆ ಒಂದು ಸಲಹೆ. ರಿಷಭದಿಂದ ಷಡ್ಜಕ್ಕೆ ಇಳಿಯುವಾಗ ಗಿಟಾರಿನ ಸ್ವರ ತೂಗಿಸುವ ವೈಬ್ರಾಟೊ ಕೋಲನ್ನು ಸ್ವಲ್ಪ ಒತ್ತಿ ಬಿಡಿ. ಗಮಕ ಅಂತ ನಾನು ಹೇಳುವುದಿಲ್ಲ, ಆದರೆ ಆ ತೂಗು ನಮ್ಮ ಕಿವಿಗೆ ಹಿತ.

ಪೆರ್ಲದ ಗಿಟಾರು

ಎಲ್ಲರಿಗೂ ತುಂಬ ತುಂಬ ಥ್ಯಾಂಕ್ಸ್. ಟೀಚರ್ ಹೇಳಿದ ಭೇದ, ಮಾತು ಕಾಣದ ಸಂಗೀತ ಒಂದು, ಮಾತೇ ಇಲ್ಲದ ಸಂಗೀತ ಇನ್ನೊಂದು ಅಂತ, ಅದು ನನ್ನ ತಲೆಯಲ್ಲಿ ಇಷ್ಟು ಸ್ಪಷ್ಟವಾಗಿ ಯಾವತ್ತೂ ಇರಲಿಲ್ಲ. ನಿನ್ನೆ ಮೂವರೂ ಕೂತು ಪಟ್ಟಿ ಮಾಡಿದೆವು. ಸಿನಿಮಾ ಹಾಡು ಸೇರಿಸುವುದಿಲ್ಲ ಅಂತ ಗಟ್ಟಿ ಮಾಡಿದೆವು. ಮೈಕ್ ಸೆಟ್ ಅಣ್ಣ ಬೇಸರ ಮಾಡಬೇಡಿ. ಹಾಡು ಸೇರಿಸಿದ ಕೂಡಲೇ ಜನ ಅದನ್ನೇ ಹಿಡಿದುಕೊಳ್ಳುತ್ತಾರೆ, ಉಳಿದದ್ದು ಹಾಡುಗಳ ನಡುವಿನ ಗಿಟಾರಾಗಿ ಹೋಗುತ್ತದೆ. ನಮ್ಮದು ಒಮ್ಮೆಯಾದರೂ ತನ್ನ ಕಾಲ ಮೇಲೆ ನಿಲ್ಲಬೇಕು.

ಮಾಯಾಮಾಳವಗೌಳದ ಸ್ವರಗಳಲ್ಲಿ ಸುರು, ಅಲ್ಲಿಂದ ನಿಲ್ಲಿಸದೆ ಕಾಲ ಏರಿಸಿಕೊಂಡು ನಾಲ್ಕು ತುಣುಕು. ನಡುವೆ ಬಬಿಯಾ, ಬೇಸಿನವನೇ ಹೆಸರು ಹೇಳುತ್ತಾನೆ. ಕೊನೆಗೆ ಶ್ಯಾಡೋವಿ ಮೆನ್ ಅವರದ್ದೊಂದು. ರೀಡ್ ಡೈಮಂಡ್ 2001ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಉಳಿದ ಇಬ್ಬರು 2012ರಲ್ಲಿ ಮತ್ತೆ ವೇದಿಕೆ ಹತ್ತಿದಾಗ ಬೇಸ್ ಹಿಡಿದದ್ದು ದ ಸೇಡೀಸ್ ಬ್ಯಾಂಡಿನ ಡ್ಯಾಲಸ್ ಗುಡ್. ಅವರೂ 2022ರಲ್ಲಿ ಹೋದರು. ಆ ತುಣುಕಿನಲ್ಲಿ ಬೇಸ್ ಒಂಟಿಯಾಗಿ ಬರುವ ಜಾಗವನ್ನು ಸ್ವಲ್ಪ ಉದ್ದ ಮಾಡಿ ನುಡಿಸಬೇಕು ಅಂತ ನಮ್ಮ ಬೇಸಿನವನ ಆಸೆ. ಮಾಡುತ್ತೇವೆ.

ಬದಿಯಡ್ಕ ಮೈಕ್ ಸೆಟ್

ಬೇಸರ ಎಂತಕ್ಕೆ? ಸಮಿತಿಯವರು ಸೌಂಡಿಗೆ ನನ್ನನ್ನೇ ಹೇಳಿದ್ದಾರೆ. ನಿಮ್ಮ ಆಂಪಿಗೆ ಬೇರೆ ಮೈಕು ಇಡ್ತೇನೆ, ಡ್ರಮ್ಸಿಗೆ ಎಷ್ಟು ಬೇಕು ಅಂತ ಮೊದಲೇ ತಿಳಿಸಿ. ಮಧ್ಯಾಹ್ನ ಮೂರಕ್ಕೆ ಬನ್ನಿ, ಮಕ್ಕಳ ಡ್ಯಾನ್ಸಿನ ರಿಹರ್ಸಲ್ ಸುರುವಾದರೆ ಮತ್ತೆ ಚೆಕ್ ಮಾಡಲಿಕ್ಕೆ ಸಮಯ ಸಿಗಲಿಕ್ಕಿಲ್ಲ.

ಸೋಲ್ಡರ್ ಭಾವ

ಆ ಸಭಾಂಗಣದಲ್ಲಿ ವೋಲ್ಟೇಜ್ ಕಡಿಮೆ, ಅರ್ತಿಂಗೂ ಸರಿ ಇಲ್ಲ. ಗಿಟಾರು ಮುಟ್ಟಿ ಮೈಕಿನ ಹತ್ತಿರ ಬಾಯಿ ತಂದರೆ ಹೊಡೆಯುತ್ತದೆ, ಬಬಿಯಾನ ಹೆಸರು ಹೇಳುವ ಬೇಸಿನವರು ಜಾಗ್ರತೆ. ನಾನು ಸ್ಟೆಬಿಲೈಸರ್ ತರ್ತೇನೆ, ಒಂದು ಸ್ಪೇರ್ ಟ್ಯಾಂಕೂ ಉಂಟು. ನೀವು ಪಿನ್ನು ಒರೆಸಿದಿರಾ?

ಪೆರ್ಲದ ಗಿಟಾರು

ಒರೆಸಿದೆ ಭಾವ. ಹಸುರು ಕಿಲುಬು ಕಟ್ಟಿತ್ತು. ಈಗ ಡ್ರಿಪ್ ಬರ್ತಾ ಉಂಟು.